ಭಾರೀ ಎಸ್.ಯು.ವಿ.ಗಳ ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್: ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

ಬಿಡಿಭಾಗಗಳ ವಹಿವಾಟಿನಲ್ಲಿ ತೊಡಗಿರುವ ಸದಸ್ಯರಿಗೆ ಗ್ರಾಹಕರಿಂದ ಪದೇ ಪದೇ ಎದುರಾಗುವ ಪ್ರಶ್ನೆಯೊಂದುಂಟು: “ಮುಂದಿನ ಚಕ್ರದ ಪ್ಯಾಡ್ ಬೇಕು, ಕಡಿಮೆಯಲ್ಲಿ ಯಾವುದಿದೆ?” ಕಪಾಟಿನಲ್ಲಿ ಅದೇ ವಾಹನಕ್ಕೆ ಹೊಂದುವ ಮೂರು ಡಬ್ಬಿಗಳಿರುತ್ತವೆ. ಆಕಾರ ಒಂದೇ, ಬೆಲೆ ಮಾತ್ರ ಬೇರೆ ಬೇರೆ. ಆಕಾರ ಸರಿಹೊಂದಿದ ಮಾತ್ರಕ್ಕೆ ಪ್ಯಾಡ್ ಸರಿಹೊಂದಿತೆಂಬ ಭಾವನೆ ಸಣ್ಣ ಕಾರುಗಳ ಮಟ್ಟಿಗೆ ಅಷ್ಟಾಗಿ ತೊಂದರೆ ಕೊಡದಿರಬಹುದು. ಆದರೆ ಬಿಡದಿಯಲ್ಲಿ ತಯಾರಾಗುವ ಫಾರ್ಚೂನರ್‌ನಂತಹ, ಅಥವಾ ಸಫಾರಿ, ಸ್ಕಾರ್ಪಿಯೊಗಳಂತಹ ಭಾರೀ ವಾಹನಗಳಲ್ಲಿ ಇದೇ ಭಾವನೆ ಪ್ರಾಣಕ್ಕೆ ಎರವಾದೀತು. ಇದಕ್ಕೆ ಕಾರಣ ತೂಕ, ಮತ್ತು ಆ ತೂಕದಿಂದ ಹುಟ್ಟುವ ಶಾಖ.

ಲೆಕ್ಕ ಹಾಕಿ ನೋಡೋಣ. ಏಳು ಮಂದಿ ಹಾಗೂ ಸಾಮಾನು ಸೇರಿ 2,600 ಕಿಲೋಗ್ರಾಂ ತೂಗುವ ವಾಹನವು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 1,000 ಕಿಲೋಜೂಲ್. ವಾಹನ ನಿಲ್ಲುವಾಗ ಇದರ ಬಹುಭಾಗ ಬ್ರೇಕುಗಳಲ್ಲಿ ಶಾಖವಾಗುತ್ತದೆ. ಮುಂದಿನ ಎರಡು ಚಕ್ರಗಳು ನೂರಕ್ಕೆ 70ರಷ್ಟು ಹೊರೆ ಹೊರುತ್ತವೆ ಎಂದಿಟ್ಟುಕೊಂಡರೆ, ಹತ್ತು ಕಿಲೋ ತೂಕದ ಒಂದೊಂದು ಡಿಸ್ಕ್‌ನ ಉಷ್ಣತೆ ಒಂದೇ ಬಾರಿಗೆ 70 ಡಿಗ್ರಿಗೂ ಹೆಚ್ಚು ಏರುತ್ತದೆ. ಇದೇನೂ ದೊಡ್ಡ ಸಂಗತಿಯಲ್ಲ. ಸ್ವಲ್ಪ ದೂರ ಓಡಿದರೆ ಗಾಳಿಗೆ ತಣಿಯುತ್ತದೆ. ಆದರೆ ಅದೇ ವಾಹನ ಚಾರ್ಮಾಡಿಯಂತಹ ಘಾಟಿಯಲ್ಲಿ 300 ಮೀಟರ್ ಎತ್ತರದಷ್ಟು ಕೆಳಗಿಳಿದರೆ ಹೊರಹಾಕಬೇಕಾದ ಶಕ್ತಿ ಸುಮಾರು 7,600 ಕಿಲೋಜೂಲ್, ಅಂದರೆ ಮೊದಲಿನ ಏಳೂವರೆ ಪಟ್ಟು! ಚಾಲಕ ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ ಇದರಲ್ಲಿ ಒಂದು ಪಾಲನ್ನು ಹೊರುತ್ತದೆ. ಇಲ್ಲವಾದರೆ ಎಲ್ಲವೂ ಪ್ಯಾಡ್ ಮತ್ತು ಡಿಸ್ಕ್‌ಗಳ ಪಾಲು.

ಪ್ಯಾಡಿನೊಳಗಿನ ನಾರು, ಲೋಹದ ಪುಡಿ ಮುಂತಾದವುಗಳನ್ನು ಹಿಡಿದಿಡುವುದು ಫಿನಾಲಿಕ್ ರಾಳ. ಶಾಖ ಮಿತಿಮೀರಿದಾಗ ಈ ರಾಳ ಕೊಳೆಯತೊಡಗಿ ಅನಿಲ ಬಿಡುತ್ತದೆ, ಹಿಡಿತ ಕುಸಿಯುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಅಗ್ಗದ ಪ್ಯಾಡಿಗೂ ಉತ್ತಮ ಪ್ಯಾಡಿಗೂ ಇರುವ ನಿಜವಾದ ಅಂತರ ಕಾಣುವುದು ಇಲ್ಲಿಯೇ. ಊರೊಳಗೆ ಓಡಿಸಿ ನೋಡಿದವರಿಗೆ ಎರಡೂ ಒಂದೇ ಎನಿಸುತ್ತವೆ.

ಪ್ಯಾಡಿನ ಬೆನ್ನಿನ ಮೇಲೋ ಅಂಚಿನಲ್ಲೋ ಮುದ್ರಿತವಾಗಿರುವ ಎರಡು ಅಕ್ಷರಗಳನ್ನು ಓದುವ ಅಭ್ಯಾಸವನ್ನು ವ್ಯಾಪಾರಿಗಳು ಮಾಡಿಕೊಳ್ಳಬೇಕು. ಅಮೆರಿಕದ ಎಸ್.ಎ.ಇ. ಸಂಸ್ಥೆಯ ಜೆ 866 ಪದ್ಧತಿಯಂತೆ ಮೊದಲ ಅಕ್ಷರ ಸಾಮಾನ್ಯ ಉಷ್ಣತೆಯ ಹಿಡಿತವನ್ನೂ ಎರಡನೆಯದು ಬಿಸಿಯಾದಾಗಿನ ಹಿಡಿತವನ್ನೂ ಸೂಚಿಸುತ್ತದೆ. ‘ಇ’ ಎಂದರೆ ಘರ್ಷಣ ಗುಣಾಂಕ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ 0.45ರಿಂದ 0.55. ‘ಎಫ್‌ಇ’ ಎಂದಿರುವ ಪ್ಯಾಡ್ ಬಿಸಿಯಾದಾಗ ಸೋಲುವಂಥದ್ದು. ಘಾಟಿ ಇಳಿಯುವ ಭಾರೀ ವಾಹನಕ್ಕೆ ಅದನ್ನು ಕೊಡಬಾರದು. ‘ಎಫ್‌ಎಫ್’ಗಿಂತ ಕಡಿಮೆ ಬೇಡ. ಆದರೆ ಈ ಅಕ್ಷರಗಳು ಸಣ್ಣ ತುಣುಕೊಂದರ ಪರೀಕ್ಷೆಯಿಂದ ಬಂದವು. ಸವೆತ, ಸದ್ದು, ಹಿಂದಿನ ತಗಡಿಗೆ ಅಂಟಿದ ಬಿಗಿ, ಇವಾವುದನ್ನೂ ಅವು ಹೇಳುವುದಿಲ್ಲ. ಇಡೀ ಪ್ಯಾಡನ್ನು ಪರೀಕ್ಷಿಸುವ ಯುರೋಪಿನ ಆರ್ 90 ನಿಯಮ ಹೆಚ್ಚು ವಿಶ್ವಾಸಾರ್ಹವೆಂಬುದು ಈ ಲೇಖಕನ ಅಭಿಪ್ರಾಯ. ಬದಲಿ ಪ್ಯಾಡಿನ ಕಾರ್ಯಕ್ಷಮತೆ ಮೂಲ ಪ್ಯಾಡಿಗಿಂತ ನೂರಕ್ಕೆ 15ಕ್ಕಿಂತ ಹೆಚ್ಚು ಆಚೀಚೆ ಆಗಬಾರದೆಂದು ಅದು ವಿಧಿಸುತ್ತದೆ. ಹಿಡಿತ ಕಡಿಮೆಯಾಗುವುದಷ್ಟೇ ಅಲ್ಲ, ಮಿತಿಮೀರಿ ಹೆಚ್ಚಾಗುವುದೂ ದೋಷವೇ ಎಂಬುದನ್ನು ಇಲ್ಲಿ ಗಮನಿಸಬೇಕು.

“ಗಟ್ಟಿ ಪ್ಯಾಡ್ ಹೆಚ್ಚು ಬಾಳುತ್ತದೆ” ಎಂಬ ಮಾತು ಗ್ಯಾರೇಜುಗಳಲ್ಲಿ ಬಳಕೆಯಲ್ಲಿದೆ. ಪ್ಯಾಡ್ ಬಾಳಬಹುದು, ಡಿಸ್ಕ್ ಸವೆಯುತ್ತದೆ. ಲೋಹದ ಅಂಶ ಹೆಚ್ಚಿರುವ ಸೆಮಿ ಮೆಟಾಲಿಕ್ ಪ್ಯಾಡ್ ಶಾಖ ತಡೆಯುವುದರಲ್ಲಿ ಮೇಲು. ಸದ್ದು, ಧೂಳು, ಡಿಸ್ಕ್‌ನ ಸವೆತ ಹೆಚ್ಚು. ಸೆರಾಮಿಕ್ ಬಗೆಯದು ಶಾಂತ, ಸ್ವಚ್ಛ, ದುಬಾರಿ. ಊರೊಳಗೇ ಓಡುವ ಗಾಡಿಗೆ ಇದು ಚೆನ್ನ. ಮಲೆನಾಡು-ಕರಾವಳಿಗಳ ನಡುವೆ ತುಂಬಿದ ಗಾಡಿ ಓಡಿಸುವವರಿಗೆ ಉತ್ತಮ ದರ್ಜೆಯ ಸೆಮಿ ಮೆಟಾಲಿಕ್ ಸೂಕ್ತ. ಕಲ್ನಾರು ಬೆರೆತ ಪ್ಯಾಡುಗಳನ್ನು ಮಾತ್ರ ಎಷ್ಟೇ ಅಗ್ಗವಾದರೂ ಅಂಗಡಿಗೆ ತರಬಾರದು. ಅದರ ಧೂಳು ಕ್ಯಾನ್ಸರ್‌ಕಾರಕ, ಮತ್ತು ಅದನ್ನು ಮೊದಲು ಉಸಿರಾಡುವವನು ಚಕ್ರ ಬಿಚ್ಚುವ ಹುಡುಗ.

ಡಿಸ್ಕ್ ಅಥವಾ ರೋಟರ್ ವಿಷಯಕ್ಕೆ ಬಂದರೆ, ಅದರ ಮೇಲೆಯೇ ಕನಿಷ್ಠ ದಪ್ಪವನ್ನು ಅಚ್ಚು ಹಾಕಿರುತ್ತಾರೆ. ಹೊಸದರಲ್ಲಿ 28 ಮಿ.ಮೀ. ಇದ್ದ ಡಿಸ್ಕ್‌ಗೆ 26 ಮಿ.ಮೀ. ಕನಿಷ್ಠವೆಂದಿದ್ದರೆ, ಸವೆಯಲು ಇರುವ ಅವಕಾಶ ಎರಡೇ ಮಿಲಿಮೀಟರ್. 300 ಮಿ.ಮೀ. ವ್ಯಾಸದ ಡಿಸ್ಕ್‌ನಲ್ಲಿ ಇಷ್ಟು ಸವೆದರೆ ಶಾಖ ಹೀರುವ ಕಬ್ಬಿಣ ಅರ್ಧ ಕಿಲೋ ಕಡಿಮೆಯಾದಂತೆ. ಲೇತ್‌ಗೆ ಹಾಕಿ ನಯ ಮಾಡುವ ಮುನ್ನ ಮೈಕ್ರೋಮೀಟರ್ ಹಿಡಿದು ಅಳೆಯಬೇಕು. ನಯ ಮಾಡಿದ ಮೇಲೆ ಕನಿಷ್ಠಕ್ಕಿಂತ ಇಳಿಯುವುದಾದರೆ ಹೊಸದನ್ನೇ ಹಾಕಬೇಕು, ಅದೂ ಎಡಬಲ ಎರಡನ್ನೂ. ತೂತು ಕೊರೆದ ಡಿಸ್ಕ್‌ಗಳು ನೋಡಲು ಅಂದ. ಭಾರೀ ವಾಹನದಲ್ಲಿ ತೂತಿನ ಅಂಚಿನಿಂದಲೇ ಬಿರುಕು ಹುಟ್ಟುವ ಸಂಭವವಿದೆ. ಒಳಗೆ ಗಾಳಿಯಾಡುವ, ಮುಖ ಸಪಾಟಾಗಿರುವ ಒಳ್ಳೆಯ ಎರಕವೇ ಸಾಕು.

ಈ ಎರಕದ ಮಾತು ಬೆಳಗಾವಿಯ ಫೌಂಡ್ರಿಗಳಂತಹ ನಮ್ಮ ಸಣ್ಣ ಉತ್ಪಾದಕರಿಗೂ ಸಂಬಂಧಿಸಿದ್ದು. ಡಿಸ್ಕ್‌ಗೆ ಬೂದು ಬೀಡುಕಬ್ಬಿಣವನ್ನೇ ಬಳಸುವುದಕ್ಕೆ ಕಾರಣವಿದೆ: ಅದರೊಳಗಿನ ಗ್ರಾಫೈಟ್ ಪದರಗಳು ಶಾಖವನ್ನು ಬೇಗ ಸಾಗಿಸುತ್ತವೆ, ಕಂಪನವನ್ನು ನುಂಗುತ್ತವೆ. ಹೆಚ್ಚು ಬಲ ಬರಲೆಂದು ಎಸ್.ಜಿ. ಐರನ್‌ಗೆ ಹೋದರೆ ಈ ಎರಡು ಗುಣಗಳೂ ಕುಗ್ಗುತ್ತವೆ. ಐ.ಎಸ್. 210ರ ಎಫ್‌ಜಿ 220 ದರ್ಜೆಯ ಆಸುಪಾಸಿನ ಕಬ್ಬಿಣ ಈ ಕೆಲಸಕ್ಕೆ ಒಗ್ಗುತ್ತದೆ. ನಿಜವಾದ ಕಷ್ಟ ಇರುವುದು ಕೋರ್‌ನಲ್ಲಿ. ಗಾಳಿಯ ದಾರಿ ಮಾಡುವ ಮರಳಿನ ಕೋರ್ ಸ್ವಲ್ಪ ಸರಿದರೂ ಡಿಸ್ಕ್‌ನ ಒಂದು ಕೆನ್ನೆ ದಪ್ಪ, ಇನ್ನೊಂದು ತೆಳು. ಹೊರಗಿನಿಂದ ಅಳೆದರೆ ಒಟ್ಟು ದಪ್ಪ ಸರಿಯಾಗಿಯೇ ಕಾಣುತ್ತದೆ. ಬಿಸಿಯೇರಿದಾಗ ತೆಳುಭಾಗ ಬೇಗ ಹಿಗ್ಗಿ ಡಿಸ್ಕ್ ಬಾಗುತ್ತದೆ. ಪ್ರತಿ ಎರಕದ ಸರದಿಯಿಂದ ಒಂದನ್ನು ಕತ್ತರಿಸಿ ನೋಡುವ ಖರ್ಚನ್ನು ಉಳಿಸಲು ಹೋಗಬಾರದು.

“ಡಿಸ್ಕ್ ಬೆಂಡ್ ಆಗಿದೆ, ಪೆಡಲ್ ನಡುಗುತ್ತದೆ” ಎಂದು ವಾಪಸು ಬರುವ ಮಾಲೆಲ್ಲ ಕೆಟ್ಟ ಎರಕವಲ್ಲ. ಬಹುಪಾಲು ದೋಷ ಜೋಡಣೆಯದು. ಹಬ್‌ನ ಮೇಲಿನ ತುಕ್ಕನ್ನು ಉಜ್ಜದೆ ಹೊಸ ಡಿಸ್ಕ್ ಕೂರಿಸಿದರೆ ಅದು ಓರೆಯಾಗಿ ತಿರುಗುತ್ತದೆ. ಕೆಲವು ಸಾವಿರ ಕಿಲೋಮೀಟರ್‌ಗಳಲ್ಲಿ ದಪ್ಪ ಏರುಪೇರಾಗಿ ನಡುಕ ಶುರುವಾಗುತ್ತದೆ. ಡಯಲ್ ಗೇಜಿನಲ್ಲಿ ಓರೆ 0.05 ಮಿ.ಮೀ. ಒಳಗಿರಬೇಕು. ಹೊಸ ಪ್ಯಾಡ್ ಹಾಕಿದ ಮೇಲೆ ಗಂಟೆಗೆ 50-60 ಕಿಲೋಮೀಟರ್‌ನಿಂದ 20ಕ್ಕೆ ಹದವಾಗಿ ಎಂಟು ಹತ್ತು ಬಾರಿ, ನಡುವೆ ತಣಿಯಲು ಬಿಟ್ಟು, ಬ್ರೇಕ್ ಒತ್ತಬೇಕೆಂದು ಗ್ರಾಹಕರಿಗೆ ತಿಳಿಸಬೇಕು. ಬ್ರೇಕ್ ಆಯಿಲ್ ನೀರು ಹೀರುತ್ತದೆ: ಡಾಟ್ 3ರ ಕುದಿಬಿಂದು ಹೊಸದರಲ್ಲಿ ಕನಿಷ್ಠ 205 ಡಿಗ್ರಿ, ನೀರು ಸೇರಿದಾಗ 140, ಡಾಟ್ 4ರದು 230 ಮತ್ತು 155. ಹಳೆಯ ಆಯಿಲ್ ಹಾಗೇ ಉಳಿದರೆ ಪ್ಯಾಡಿನ ಬೆಲೆ ವ್ಯರ್ಥ.

ಕಾನೂನಿನ ಕಡೆಗೂ ದೃಷ್ಟಿ ಹರಿಸುವುದು ಅಗತ್ಯ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ 86ನೇ ಕಲಮಿನಂತೆ, ಉತ್ಪಾದಕ ಯಾರೆಂದು ತಿಳಿಯದ ಸರಕಿನಿಂದ ಹಾನಿಯಾದರೆ ಮಾರಿದವನೇ ಹೊಣೆಗಾರನಾಗಬಹುದು. ಉತ್ಪಾದಕರು ಕೊಟ್ಟ ಎಚ್ಚರಿಕೆ, ಸೂಚನೆಗಳನ್ನು ಗ್ರಾಹಕರಿಗೆ ದಾಟಿಸದಿದ್ದರೂ ಹಾಗೆಯೇ. ಆದ್ದರಿಂದ ಹೆಸರಿಲ್ಲದ ಡಬ್ಬಿಯ ಪ್ಯಾಡನ್ನು ಕೌಂಟರಿನಲ್ಲಿ ಇಡದಿರುವುದು ಲೇಸು. ಬಿಲ್ಲಿನಲ್ಲಿ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ವಾಹನದ ನೋಂದಣಿ ಸಂಖ್ಯೆಗಳನ್ನು ನಮೂದಿಸಿ, ಒಳಗಿನ ಸೂಚನಾಪತ್ರವನ್ನು ಗ್ರಾಹಕರ ಕೈಗೇ ಕೊಟ್ಟು, ಖರೀದಿಯ ಇನ್‌ವಾಯ್ಸ್ ಅನ್ನು ಕಡತದಲ್ಲಿ ಇರಿಸಿಕೊಳ್ಳತಕ್ಕದ್ದು.