ಕೊನೆಯ ಐವತ್ತು ಅಡಿಯ ಖರ್ಚು

ಸಂಪಿನ ಮೋಟರ್ ಕೈಕೊಡುವುದು ಹೆಚ್ಚಾಗಿ ಬೇಸಿಗೆಯಲ್ಲೇ. ಇದರಲ್ಲಿ ಗ್ರಹಚಾರವೇನೂ ಇಲ್ಲ. ದಿನ ಬಿಟ್ಟು ದಿನ ಬರುತ್ತಿದ್ದ ಕಾವೇರಿ ನೀರು ಏಪ್ರಿಲ್ ಹೊತ್ತಿಗೆ ಇನ್ನೊಂದು ದಿನ ಮುಂದಕ್ಕೆ ಹೋಗುತ್ತದೆ, ಸಂಪಿನ ತಳ ಕಾಣುತ್ತದೆ, ಅಷ್ಟರಲ್ಲಿ ಯಾರೋ ಸ್ವಿಚ್ ಹಾಕಿ ಧಾರಾವಾಹಿ ನೋಡಲು ಕೂರುತ್ತಾರೆ. ಪಂಪಿನ ಒಳಗಿನ ಸೀಲು ತಂಪಾಗಿರುವುದು ಅಲ್ಲಿ ಹರಿಯುವ ನೀರಿನಿಂದಲೇ. ನೀರಿಲ್ಲದೆ ತಿರುಗಿದರೆ ಸೀಲು ಸುಡುತ್ತದೆ. ಆಮೇಲೆ ಅಲ್ಲಿಂದ ಜಿನುಗುವ ನೀರು ಬೇರಿಂಗನ್ನು ತಿನ್ನುತ್ತದೆ. ಬೇರಿಂಗ್ ಹಿಡಿದುಕೊಂಡಿತೋ, ವೈಂಡಿಂಗ್ ಹೋಯಿತು. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಆದದ್ದೂ ಇದೇ. ಕೆಳಗೆ ನಾವು, ಮೇಲೆ ಎರಡು ಬಾಡಿಗೆ ಮನೆ, ಮೂವರಿಗೂ ಒಂದೇ ಸಂಪು, ಒಂದೇ ಮೋಟರ್. ಸ್ವಿಚ್ ಹಾಕಿದವರು ಯಾರೆಂಬುದು ಇವತ್ತಿನವರೆಗೆ ಇತ್ಯರ್ಥವಾಗಿಲ್ಲ.

ನಮ್ಮತ್ತೆ ರಾಜಾಜಿನಗರದಲ್ಲಿ ತಿಪ್ಪಗೊಂಡನಹಳ್ಳಿ ನೀರು ಕುಡಿದು ಬೆಳೆದವರು. 1933ರಲ್ಲಿ ಕಟ್ಟಿದ ಆ ಜಲಾಶಯದ ನೀರು ಆಗ ನಲ್ಲಿಯಿಂದ ನೇರವಾಗಿ ಹಂಡೆಗೆ ಬೀಳುತ್ತಿತ್ತಂತೆ, ಸಂಪು, ಮೋಟರ್ ಯಾವುದೂ ಇರಲಿಲ್ಲವಂತೆ. ಆ ಕಾಲ ಮುಗಿಯಿತು. 1974ರಲ್ಲಿ ಕಾವೇರಿ ಮೊದಲ ಹಂತ ಬಂತು, 2024ರ ಅಕ್ಟೋಬರ್‌ನಲ್ಲಿ ಐದನೆಯದು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಎತ್ತಿ, ನೂರು ಕಿಲೊಮೀಟರ್ ಆಸುಪಾಸು ದೂರ ನೀರು ತಂದು, ಜಲಮಂಡಳಿ ನಮ್ಮ ಗೇಟಿನೊಳಗಿನ ಗುಂಡಿಗೆ ಬಿಡುತ್ತದೆ. ಅಲ್ಲಿಂದ ತಾರಸಿಯ ಟ್ಯಾಂಕಿನವರೆಗಿನ ಐವತ್ತು ಅಡಿ ಮಾತ್ರ ನಮ್ಮ ಜೇಬಿನದು. ಆ ಐವತ್ತು ಅಡಿಗೆ ಪಶ್ಚಿಮ ಬೆಂಗಳೂರಿನ ಮನೆಗಳು ಮಾಡುವ ಖರ್ಚಿನಲ್ಲಿ ಅರ್ಧದಷ್ಟು ಅನಗತ್ಯ ಎಂಬುದು ನನ್ನ ವಾದ.

ದುಡ್ಡು ಮೊದಲು ಹೋಗುವುದು ಆತುರದಲ್ಲಿ. ಬಕೆಟ್ ಖಾಲಿ, ಮೇಲಿನ ಮನೆಯವರು ಆಗಲೇ ಎರಡು ಸಲ ಬಾಗಿಲು ತಟ್ಟಿದ್ದಾರೆ. ಕರೆದ ಮೆಕ್ಯಾನಿಕ್ ಮೋಟರನ್ನು ಬಿಚ್ಚಿಯೂ ನೋಡದೆ "ಹೊಸಾದು ಹಾಕಿಸ್ಬಿಡಿ ಮೇಡಂ, ಒಂದು ಗಂಟೆ ಕೆಲಸ" ಅನ್ನುತ್ತಾನೆ. ಆ ಗಳಿಗೆಯಲ್ಲಿ ಅವನು ಹೇಳಿದ್ದೇ ಬೆಲೆ. ಟ್ಯಾಂಕರ್ ಕರೆಸಿದರೂ ಉಪಯೋಗವಿಲ್ಲ, ಅದು ನೀರು ಬಿಡುವುದು ಸಂಪಿಗೆ; ಅಲ್ಲಿಂದ ಮೇಲಕ್ಕೆ ಏರಿಸಬೇಕಾದ್ದೇ ಸತ್ತಿದೆ. ನಾವು ಮಾಡಿದ್ದು ಇಷ್ಟೆ: ಪಕ್ಕದ ಮನೆಯ ತಾರಸಿಯಿಂದ ನಮ್ಮ ಟ್ಯಾಂಕಿಗೆ ಒಂದು ಉದ್ದದ ಪೈಪ್ ಎಳೆದು ನೀರು ತುಂಬಿಸಿಕೊಂಡೆವು. ಅವರ ಸಂಪಿಗೆ ಟ್ಯಾಂಕರ್ ನೀರು ಹಾಕಿಸಿ ಲೆಕ್ಕ ಚುಕ್ತಾ ಮಾಡಿದೆವು. 2024ರ ಬರದಲ್ಲಿ ಜಿಲ್ಲಾಡಳಿತ ಐದು ಕಿಲೊಮೀಟರ್ ಒಳಗಿನ 6000 ಲೀಟರ್ ಟ್ಯಾಂಕರ್‌ಗೆ 600 ರೂಪಾಯಿ ನಿಗದಿ ಮಾಡಿತ್ತು. ಈಗ ಆ ದರಕ್ಕೆ ಯಾರೂ ಬರುವುದಿಲ್ಲ, ಇರಲಿ. ಸಾವಿರ ಚಿಲ್ಲರೆ ಕೊಟ್ಟು ಕೊಂಡದ್ದು ನೀರನ್ನಲ್ಲ, ನಾಲ್ಕು ಅಂಗಡಿ ಸುತ್ತುವಷ್ಟು ಸಮಯವನ್ನು. ಆ ಸಮಯವೇ ಆಮೇಲೆ ಅದರ ಮೂರು ಪಟ್ಟು ಉಳಿಸಿತು.

ಮೋಟರ್ ಸತ್ತಿದೆ ಅನ್ನುವ ಮುಂಚೆ ಸತ್ತದ್ದು ಏನು ಎಂದು ಕೇಳಬೇಕು. ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತಾ ತಿರುಗದೆ ನಿಂತರೆ ಬಹಳ ಸಲ ಕೆಪಾಸಿಟರ್ ಹೋಗಿರುತ್ತದೆ; ಅದು ನೂರರಿಂದ ಇನ್ನೂರು ರೂಪಾಯಿಯ ಸಾಮಾನು. ಬಹುದಿನ ಓಡಿಸದೆ ಬಿಟ್ಟ ಪಂಪಾದರೆ ಬೋರ್ ನೀರಿನ ಉಪ್ಪು ಕಟ್ಟಿ ಇಂಪೆಲ್ಲರ್ ಅಂಟಿಕೊಂಡಿರುತ್ತದೆ, ಕರೆಂಟ್ ತೆಗೆದು ಹಿಂದಿನ ಫ್ಯಾನನ್ನು ಕೈಯಲ್ಲಿ ತಿರುಗಿಸಿದರೆ ಗೊತ್ತಾಗುತ್ತದೆ. ಮೋಟರ್ ಚೆನ್ನಾಗಿ ತಿರುಗುತ್ತಿದೆ, ನೀರು ಮಾತ್ರ ಏರುತ್ತಿಲ್ಲ ಎಂದರೆ ಸಂಪಿನೊಳಗಿನ ಫುಟ್‌ವಾಲ್ವ್ ಸೋರುತ್ತಿರಬಹುದು ಅಥವಾ ಪೈಪಿನ ಜೋಡಣೆಯಲ್ಲೆಲ್ಲೋ ಏರ್ ಹಿಡಿಯುತ್ತಿರಬಹುದು. ಕೆಲವು ನೂರು ರೂಪಾಯಿಯ ಈ ವಾಲ್ವಿನ ತಪ್ಪಿಗೆ ಎಷ್ಟು ಒಳ್ಳೆ ಮೋಟರುಗಳು ಗುಜರಿಗೆ ಹೋಗಿವೆಯೋ. ಸುಟ್ಟ ವಾಸನೆ ಬಂದು, ಸ್ವಿಚ್ ಹಾಕಿದ ಕೂಡಲೇ ಎಂಸಿಬಿ ಬೀಳುತ್ತಿದ್ದರೆ ಮಾತ್ರ ವೈಂಡಿಂಗಿನ ಮಾತು. ನಮ್ಮದು ಆ ಕೊನೆಯ ಜಾತಿ.

ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯದ ಅಡ್ಡರಸ್ತೆಗಳಲ್ಲಿ ವೈಂಡಿಂಗ್ ಅಂಗಡಿಗಳಿಗೆ ಬರವಿಲ್ಲ. ರಾಜಾಜಿನಗರದ ಕೈಗಾರಿಕಾ ವಸಾಹತು, ಪೀಣ್ಯ ಎರಡೂ ಇಲ್ಲೇ ಇರುವುದು ಅದಕ್ಕೆ ಕಾರಣವಿರಬೇಕು. 1946ರಲ್ಲಿ ಶುರುವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯ ಕಾರ್ಖಾನೆ ಇದ್ದದ್ದೂ ಇಲ್ಲೇ, ಈಗ ಒರಾಯನ್ ಮಾಲ್ ನಿಂತಿರುವ ಜಾಗದಲ್ಲಿ. ಮೋಟರ್ ತಯಾರಾಗುತ್ತಿದ್ದ ನೆಲದಲ್ಲಿ ಈಗ ಪಾಪ್‌ಕಾರ್ನ್ ಸಿಗುತ್ತದೆ, ಬೆಲೆ ನಮ್ಮ ಕೆಪಾಸಿಟರಿಗಿಂತ ಜಾಸ್ತಿ.

ನಾನು ಹೋದ ಅಂಗಡಿಯ ಯಜಮಾನರಿಗೆ ಎಪ್ಪತ್ತು ದಾಟಿರಬೇಕು. ಮೋಟರ್ ಬಿಚ್ಚಿ, ಕಪ್ಪಾದ ಸುರುಳಿ ತೋರಿಸಿ, ಪಂಪಿನ ಕಡೆಯನ್ನೂ ಬಿಚ್ಚಿದರು. ಹಿತ್ತಾಳೆಯ ಇಂಪೆಲ್ಲರಿನ ಹಲ್ಲು ಸವೆದಿತ್ತು.

"ವೈಂಡಿಂಗ್ ಕಟ್ಟಿಕೊಡ್ತೀನಮ್ಮ, ಕೆಲಸ ಗ್ಯಾರಂಟಿ. ಆದ್ರೆ ಪಂಪೇ ಸವೆದಿದೆಯಲ್ಲ. ಮೋಟರ್ ಹೊಸ್ದಾದ್ರೆ ನೀರು ಜಾಸ್ತಿ ಬರುತ್ತಾ?"

ವೈಂಡಿಂಗ್, ಬೇರಿಂಗ್, ಸೀಲು, ಇಂಪೆಲ್ಲರ್ ಎಲ್ಲ ಸೇರಿ 2,600 ಆಗುತ್ತಿತ್ತು. ಅದೇ ಅರ್ಧ ಎಚ್‌ಪಿಯ ಹೊಸ ಸೆಲ್ಫ್‌ಪ್ರೈಮಿಂಗ್ ಪಂಪು ಬಿಲ್ಲಿನ ಸಮೇತ 4,300. ರಿಪೇರಿಯ ಖರ್ಚು ಹೊಸದರ ಅರ್ಧ ದಾಟಿದರೆ ಹೊಸದೇ ಲೇಸು ಎಂಬ ರೂಢಿಯ ಲೆಕ್ಕ ನನಗೂ ಒಪ್ಪಿಗೆ, ಒಂದು ತಿದ್ದುಪಡಿಯೊಂದಿಗೆ. ಹಳೆಯದು ಭಾರದ ಬೀಡುಕಬ್ಬಿಣದ ಮೈಯದಾಗಿದ್ದು, ಪಂಪಿನ ಕಡೆ ಸವೆಯದೆ ವೈಂಡಿಂಗ್ ಮಾತ್ರ ಹೋಗಿದ್ದರೆ, ಅರ್ಧ ದಾಟಿದರೂ ಕಟ್ಟಿಸುವುದೇ ಸರಿ. ಇವತ್ತಿನ ಅಗ್ಗದ ಪಂಪುಗಳಲ್ಲಿ ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಸುತ್ತಿರುತ್ತಾರೆ. ಮೇಲಿನ ಎನಾಮಲ್ಲಿನ ಬಣ್ಣ ತಾಮ್ರದ್ದೇ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಡಬ್ಬದ ಮೇಲೆ 'ಕಾಪರ್ ವೈಂಡಿಂಗ್' ಎಂದು ಮುದ್ರಿಸಿದೆಯೇ ನೋಡಿ, ಬಿಲ್ಲಿನಲ್ಲಿಯೂ ಬರೆಸಿ. ಇನ್ನೊಂದು: ಸುಟ್ಟ ಸುರುಳಿಯ ತಾಮ್ರ ನಿಮ್ಮದು. ಅದಕ್ಕೆ ಗುಜರಿಯಲ್ಲಿ ಕಿಲೊಗೆ ನೂರಾರು ರೂಪಾಯಿ ಇದೆ. ವೈಂಡಿಂಗ್‌ನವರು ಕೇಳದೆಯೇ ಇಟ್ಟುಕೊಳ್ಳುವುದು ವಾಡಿಕೆ. ಕೇಳಿದರೆ ಕೂಲಿಯಲ್ಲಿ ಇಳಿಸುತ್ತಾರೆ. ನಾನು ಹೋದ ಅಂಗಡಿಯ ಯಜಮಾನರು ಹಳೆಯ ಮೋಟರನ್ನು ಇಡಿಯಾಗಿ ತಕ್ಕಡಿಗೆ ಹಾಕಿ ದುಡ್ಡು ಕೊಟ್ಟರು.

ಹೊಸದು ಕೊಳ್ಳಲು ಹೋದಲ್ಲಿ ನಿಜವಾದ ಪರೀಕ್ಷೆ. "ಅರ್ಧ ಯಾಕೆ ಮೇಡಂ, ಒಂದು ಎಚ್‌ಪಿ ತಗೊಳ್ಳಿ, ಹತ್ತು ನಿಮಿಷಕ್ಕೆ ಟ್ಯಾಂಕ್ ತುಂಬುತ್ತೆ" ಎಂದು ಒಬ್ಬರು. "ಮನೇಲಿ ಸಾರ್‌ನ ಕೇಳಿ ಹೇಳಿ" ಎಂದು ಇನ್ನೊಬ್ಬರು. ಸಾರ್‌ಗೆ ಎಚ್‌ಪಿ ಎಂದರೆ ಬೈಕಿನದಷ್ಟೇ ಗೊತ್ತು.

ನಾನು ಕೊಂಡೊಯ್ದಿದ್ದು ಒಂದು ಚೀಟಿ. ಸಂಪಿನ ತಳದಿಂದ ನೆಲಕ್ಕೆ ಏಳು ಅಡಿ. ನೆಲದಿಂದ ತಾರಸಿಗೆ ಮೂವತ್ತು. ಟ್ಯಾಂಕಿನ ಕಟ್ಟೆ, ಟ್ಯಾಂಕಿನ ಬಾಯಿ ಸೇರಿ ಎಂಟು. ಬಾಗು, ಎಲ್ಬೋಗಳ ಎಳೆತಕ್ಕೆ ಹತ್ತರಲ್ಲೊಂದು ಭಾಗ ಸೇರಿಸಿದರೆ ಐವತ್ತು ಅಡಿ, ಅಂದರೆ ಹದಿನೈದು ಮೀಟರ್. ಪಂಪಿನ ಮೇಲಿನ ತಗಡಿನಲ್ಲಿ ಎರಡು ಸಾಲು ಅಂಕಿ ಇರುತ್ತದೆ, ಒಂದು ಎತ್ತರದ್ದು, ಇನ್ನೊಂದು ಆ ಎತ್ತರಕ್ಕೆ ಗಂಟೆಗೆ ಎಷ್ಟು ಲೀಟರ್ ಎಂಬುದು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಹಾಕುವ ಗರಿಷ್ಠ ಹೆಡ್ಡನ್ನು ನೋಡಿ ಮೋಸಹೋಗಬೇಡಿ. ಆ ಎತ್ತರದಲ್ಲಿ ಪಂಪು ಒಂದು ಲೋಟ ನೀರನ್ನೂ ಕೊಡುವುದಿಲ್ಲ. ಅದು ಪಂಪು ಸೋತು ನಿಲ್ಲುವ ಎತ್ತರ. ಹದಿನೈದು ಮೀಟರ್‌ಗೆ ಗಂಟೆಗೆ 1,500 ಲೀಟರ್ ಕೊಡುವ ಅರ್ಧ ಎಚ್‌ಪಿ ಪಂಪು ನಮ್ಮ ಸಾವಿರ ಲೀಟರ್ ಟ್ಯಾಂಕನ್ನು ನಲವತ್ತು ನಿಮಿಷದಲ್ಲಿ ತುಂಬುತ್ತದೆ. ಅಷ್ಟು ಸಾಲದೇ? ನೀರು ಹತ್ತು ನಿಮಿಷದಲ್ಲಿ ಏರಿದರೂ ನಲವತ್ತರಲ್ಲಿ ಏರಿದರೂ ಸ್ನಾನ ಒಂದೇ. ಒಂದು ಎಚ್‌ಪಿಗೆ ಎರಡು ಸಾವಿರದ ಮೇಲೆ ಹೆಚ್ಚು ಕೊಡಬೇಕು, ಸಂಪೂ ಅಷ್ಟೇ ಬೇಗ ಬರಿದಾಗಿ ಪಂಪು ಒಣಗಿ ತಿರುಗುವ ಅಪಾಯ ಬೇರೆ.

ಎಚ್‌ಪಿಯ ಭ್ರಮೆ ಬಿಡಿಸಿದ್ದು ಕೆಂಗೇರಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ. ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಅವನು ಮಲಗುವ, ಅಡುಗೆ ಮಾಡುವ ಕ್ಯಾರವಾನ್ ಮಾಡಿಸಿಕೊಂಡಿದ್ದಾನೆ. ಅದರ ಸಿಂಕಿಗೂ ಷವರಿಗೂ ನೀರು ಕೊಡುವುದು ಅಂಗೈಗಿಂತ ತುಸು ದೊಡ್ಡದಾದ 12 ವೋಲ್ಟಿನ ಡಯಾಫ್ರಾಂ ಪಂಪು, ಒಂದು ಬಲ್ಬಿನಷ್ಟು ಕರೆಂಟು. ನಲ್ಲಿ ತಿರುಗಿಸಿದರೆ ಒತ್ತಡ ಇಳಿದು ತಾನೇ ಓಡುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಅದು ಕೆಟ್ಟಾಗ ಕ್ಯಾರವಾನ್ ಪಂಪು ಎಂದು ಕೇಳಿದ್ದಕ್ಕೆ ಹತ್ತು ಸಾವಿರದ ಮಾತು ಬಂತು. ಗದ್ದೆಗೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್‌ನಲ್ಲಿ ಇರುವುದೂ ಅದೇ ಜಾತಿಯ ಪಂಪು. ಕೃಷಿ ಸಾಮಾನಿನ ಅಂಗಡಿಯಲ್ಲಿ ಸಾವಿರದೊಳಗೆ ಸಿಕ್ಕಿತು. ನೀರು ಸ್ವಲ್ಪ ನಿಧಾನ, ಸದ್ದು ಸ್ವಲ್ಪ ಜೋರು. ಕುಡಿಯುವ ನೀರಿಗೆ ಅವನು ಬೇರೆ ಕ್ಯಾನ್ ಇಟ್ಟಿದ್ದಾನೆ, ಅದು ಸರಿಯಾದ ಎಚ್ಚರ. ಸಾಮಾನಿಗೆ ಯಾವ ಹೆಸರು ಹೇಳಿ ಕೇಳುತ್ತೀರಿ ಎಂಬುದರ ಮೇಲೂ ಬೆಲೆ ನಿಂತಿದೆ.

ಕರೆಂಟ್ ಉಳಿಸುವ ಸ್ಟಾರ್ ಪಂಪು ಕೊಳ್ಳಿ ಎಂಬ ಸಲಹೆಯೂ ಬಂತು. ಲೆಕ್ಕ ಹಾಕಿದೆ. ಸಾವಿರ ಲೀಟರನ್ನು ಹದಿನೈದು ಮೀಟರ್ ಎತ್ತಲು ಶಾಸ್ತ್ರದ ಪ್ರಕಾರ ಬೇಕಾದ್ದು ಒಂದು ಯೂನಿಟ್ಟಿನ ಇಪ್ಪತ್ತನಾಲ್ಕನೇ ಒಂದು ಭಾಗ. ನಮ್ಮ ಪಂಪು ಅದಕ್ಕೆ ಸುಮಾರು ಒಂಬತ್ತು ಪಟ್ಟು ನುಂಗುತ್ತದೆ, ದಕ್ಷತೆಯಲ್ಲಿ ಸಣ್ಣ ಪಂಪುಗಳ ಹಣೆಬರಹವೇ ಅಷ್ಟು. ಆದರೂ ಒಂದು ಟ್ಯಾಂಕಿಗೆ ಆಗುವ ಖರ್ಚು, ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ, ಎರಡು ರೂಪಾಯಿ ಸುಮಾರು. ಮೂರು ಮನೆಗೆ ದಿನಕ್ಕೆ ಒಂದೂವರೆ ಟ್ಯಾಂಕ್ ಎಂದರೂ ತಿಂಗಳಿಗೆ ನೂರು ರೂಪಾಯಿ. ಇದರಲ್ಲಿ ಕಾಲು ಭಾಗ ಉಳಿಸುವ ಪಂಪಿಗೆ ಎರಡು ಸಾವಿರ ಹೆಚ್ಚು ಕೊಟ್ಟರೆ ಅದು ವಾಪಸಾಗಲು ಆರೇಳು ವರ್ಷ ಬೇಕು. ಅಷ್ಟರೊಳಗೆ ಇನ್ನೊಂದು ಬೇಸಿಗೆ ಅದನ್ನು ಸುಟ್ಟಿರುತ್ತದೆ.

ಗೃಹಜ್ಯೋತಿ ಮಾತ್ರ ಈ ಲೆಕ್ಕವನ್ನು ಸ್ವಲ್ಪ ತಿರುಚುತ್ತದೆ. 2023ರ ಜುಲೈಯಿಂದ ಬಂದ ಈ ಯೋಜನೆಯಲ್ಲಿ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಮೂರು ಮನೆಯ ಮೋಟರ್ ತಿಂಗಳಿಗೆ ಹದಿನಾರು, ಹದಿನೇಳು ಯೂನಿಟ್ ಎಳೆಯುತ್ತದೆ, ಮತ್ತು ಅದು ಇದ್ದದ್ದು ನಮ್ಮ ಮೀಟರಿನಲ್ಲಿ. ಫ್ಯಾನ್ ನಿಲ್ಲದ ಏಪ್ರಿಲ್‌ನಲ್ಲಿ 190ರ ಆಸುಪಾಸಿನಲ್ಲಿರುವ ಮನೆಯನ್ನು ಇಷ್ಟೇ ಯೂನಿಟ್ಟು ಸಾವಿರ ರೂಪಾಯಿಯ ಆಚೆಗೆ ತಳ್ಳಬಲ್ಲದು. ಮೋಟರ್ ಯಾರ ಮೀಟರಿನಲ್ಲಿದೆ ಎಂಬುದು ಪಂಪಿನ ಸ್ಟಾರಿಗಿಂತ ದೊಡ್ಡ ಪ್ರಶ್ನೆ.

ಬಿಲ್ಲಿಲ್ಲದೆ ಕೊಂಡರೆ ಏಳು ನೂರು ಕಡಿಮೆ ಎಂದು ಹೇಳಿದ ಅಂಗಡಿಯೂ ಇತ್ತು. 2022ರ ಜುಲೈಯಲ್ಲಿ ನೀರಿನ ಪಂಪುಗಳ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿದ ಮೇಲೆ ಈ ಆಮಿಷ ಇನ್ನೂ ರುಚಿಯಾಗಿದೆ. ಬಿಲ್ಲಿಲ್ಲದಿದ್ದರೆ ವಾರಂಟಿಯೂ ಇಲ್ಲ, ಎರಡು ತಿಂಗಳಿಗೆ ಸೀಲು ಸೋರಿದರೆ ನಿಮ್ಮನ್ನು ಕೇಳುವವರೂ ಇಲ್ಲ. ಇದಕ್ಕಿಂತ ಕೆಟ್ಟ ಸಲಹೆ ಕಾವೇರಿ ಲೈನಿಗೇ ಮೋಟರ್ ಕೂರಿಸುವುದು. ಅದು ಕಾನೂನಿಗೆ ವಿರುದ್ಧ. ಅಲ್ಲದೆ ಹಳೆಯ ಪೈಪಿನ ಬಿರುಕಿನಿಂದ ಚರಂಡಿ ನೀರನ್ನೂ ಹೀರಿ ಬೀದಿಗೆಲ್ಲ ಕುಡಿಸುತ್ತದೆ.

ಉಳಿದ ದುಡ್ಡಿನಲ್ಲಿ 1,800 ರೂಪಾಯಿಗೆ ಆಟೊಮ್ಯಾಟಿಕ್ ಕಂಟ್ರೋಲರ್ ಹಾಕಿಸಿದೆ. ಸಂಪು ತಳ ಮುಟ್ಟಿದರೆ ಮೋಟರ್ ತಾನೇ ನಿಲ್ಲುತ್ತದೆ, ಟ್ಯಾಂಕ್ ತುಂಬಿದರೂ ನಿಲ್ಲುತ್ತದೆ. ನೀರಲ್ಲಿ ಇಳಿಬಿಡುವ ಕಡ್ಡಿಯ ಸೆನ್ಸರ್ ಬೇಡ, ಬೋರ್ ನೀರು ಬೆರೆತ ಸಂಪಿನಲ್ಲಿ ಅದಕ್ಕೆ ಉಪ್ಪು ಕಟ್ಟುತ್ತದೆ. ತೇಲುವ ಫ್ಲೋಟ್ ಸ್ವಿಚ್ ಸಾಕು. ಪಂಪು, ಕಂಟ್ರೋಲರ್, ಕೂರಿಸುವ ಕೂಲಿ ಸೇರಿ ಏಳು ಸಾವಿರದೊಳಗೆ ಮುಗಿಯಿತು. ಮೊದಲ ಮೆಕ್ಯಾನಿಕ್ ಹೇಳಿದ್ದು, ಕಂಟ್ರೋಲರ್ ಇಲ್ಲದೆ, ಹತ್ತು.

ಇನ್ನು ಇದನ್ನು ಕೊಡಬೇಕಾದವರು ಯಾರು? ಮೋಟರ್ ಮನೆಯ ಭಾಗ, ಬಾಗಿಲು ಕಿಟಕಿಯ ಹಾಗೆ. ಅದರ ಬೆಲೆ ಮಾಲೀಕರದು, ಅದು ಎಳೆಯುವ ಕರೆಂಟು ಬಳಸುವ ಎಲ್ಲರದು. ನಮ್ಮ ಏಳು ಸಾವಿರ ನಾವೇ ಕೊಟ್ಟೆವು, ತಿಂಗಳ ನೂರು ರೂಪಾಯಿಯನ್ನು ಮೂರು ಮನೆಯವರೂ ಹಂಚಿಕೊಳ್ಳುತ್ತೇವೆ. ವಿಜಯನಗರದ ಕಡೆ, ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಮೋಟರಿನ ದುಡ್ಡು ಮುರಿದುಕೊಳ್ಳುವ ಮಾಲೀಕರ ಕಥೆ ಕೇಳುತ್ತಿರುತ್ತೇನೆ. ಬಾಡಿಗೆಗೆ ಇರುವವರು ಕರಾರು ಪತ್ರಕ್ಕೆ ಸಹಿ ಹಾಕುವ ಮುಂಚೆ ಸಂಪು, ಮೋಟರ್, ಬೋರ್‌ವೆಲ್ ರಿಪೇರಿ ಯಾರ ಖರ್ಚು ಎಂಬ ಒಂದು ಸಾಲನ್ನು ಅದರಲ್ಲಿ ಬರೆಸಿಕೊಳ್ಳಿ.