ನಿಮ್ಮ ಪ್ಯಾನ್, ನಿಮ್ಮ ಆಧಾರ್: ನಿಮ್ಮ ಕೈಯಲ್ಲೇ ಇರಲಿ

ಹಾಲು ಉತ್ಪಾದಕ ಅಕ್ಕಂದಿರೇ,

ನಿಮ್ಮ ಆಕಳ ಕಿವಿ ಓಲೆಯ ಮೇಲೆ 12 ಅಂಕಿಗಳಿವೆ. ಲಸಿಕೆಗೆ, ವಿಮೆಗೆ ಅದೇ ಗುರುತು. ಆ ಓಲೆ ಮತ್ತೊಬ್ಬರ ಆಕಳ ಕಿವಿಗೆ ಹೋದರೆ ದಾಖಲೆಯೆಲ್ಲ ತಪ್ಪುತ್ತದೆ. ನಿಮ್ಮ ಆಧಾರ್ ಮತ್ತು ಪ್ಯಾನ್ ಕೂಡ ಹಾಗೆಯೇ. ಅವು ಮೋಸಗಾರರ ಕೈ ಸೇರಿದರೆ ವ್ಯಾಪಾರ ಅವರದು, ತೆರಿಗೆ ನೋಟಿಸ್ ನಿಮ್ಮದು.

ಮೋಸ ಹೇಗೆ ನಡೆಯುತ್ತದೆ?

ಸಾಲ ಅಥವಾ ಸಬ್ಸಿಡಿ ಕೊಡಿಸುತ್ತೇವೆ ಎಂದು ಬಂದವರು ಆಧಾರ್, ಪ್ಯಾನ್ ಪ್ರತಿ ಪಡೆದು, ನಿಮ್ಮ ಮೊಬೈಲಿಗೆ ಬಂದ ಒಟಿಪಿ ಕೇಳುತ್ತಾರೆ. ನಂತರ ನಿಮ್ಮ ಹೆಸರಿನಲ್ಲಿ ಜಿಎಸ್‌ಟಿ ನೋಂದಣಿ ಮಾಡಿಸಿ, ಸರಕು ಮಾರದೆಯೇ ಸುಳ್ಳು ಬಿಲ್ ಹರಿಯುತ್ತಾರೆ.

ನಷ್ಟ ಏನು?

ಇಲಾಖೆ ನೋಡುವುದು ದಾಖಲೆಯಲ್ಲಿರುವ ಹೆಸರನ್ನು. 2025ರ ಜುಲೈನಲ್ಲಿ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಸುಮಾರು 29 ಲಕ್ಷ ರೂಪಾಯಿಯ ಜಿಎಸ್‌ಟಿ ನೋಟಿಸ್ ಬಂದ ಸುದ್ದಿ ನಿಮಗೆ ನೆನಪಿರಬಹುದು. ನಾಲ್ಕು ವರ್ಷಗಳ ಡಿಜಿಟಲ್ ಪಾವತಿಯ ಲೆಕ್ಕ ನೋಡಿ ಆ ನೋಟಿಸ್ ಕೊಡಲಾಗಿತ್ತು. ಅದು ಅವರದೇ ವ್ಯಾಪಾರ, ಅಲ್ಲಿ ಗುರುತಿನ ಕಳ್ಳತನ ಇರಲಿಲ್ಲ. ಆದರೆ ನಮಗೊಂದು ಪಾಠವಿದೆ: ಖಾತೆಗೆ ಬಂದ ಹಣಕ್ಕೆ ಖಾತೆದಾರರೇ ಲೆಕ್ಕ ಕೊಡಬೇಕು.

ಇನ್ನೊಂದು ಮಾತು. ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಕಟ್ಟುವವರು ಇಲ್ಲವೆ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರು ಆಗಿದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿ ಸಿಗುವುದಿಲ್ಲ. ನಿಮಗೆ ಗೊತ್ತಿಲ್ಲದ ನೋಂದಣಿಯೂ ಆ ಹಣಕ್ಕೆ ಅಡ್ಡಿಯಾಗಬಹುದು.

ಏನು ಮಾಡಬೇಕು?

1. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ನಿಮ್ಮ ಬಳಿ ಇರುವುದೇ ಆಗಿರಲಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ.

2. ವಿಮೆ, ಸಾಲಕ್ಕೆ ಝೆರಾಕ್ಸ್ ಕೊಡುವಾಗ ಅದರ ಮೇಲೆ ಅಡ್ಡಲಾಗಿ "ಆಕಳ ವಿಮೆಗೆ ಮಾತ್ರ" ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿ.

3. ರಾಣೇಬೆನ್ನೂರು, ಬ್ಯಾಡಗಿ ಪೇಟೆಯ ಅಂಗಡಿಗೆ ವಾಟ್ಸ್‌ಆ್ಯಪ್‌ನಲ್ಲಿ ಆಧಾರ್ ಕಳಿಸಿ ಪ್ರಿಂಟ್ ತೆಗೆಸಿದರೆ, ಅಲ್ಲಿ ಉಳಿದ ಪ್ರತಿಯನ್ನು ನಿಮ್ಮೆದುರೇ ಅಳಿಸಲು ಹೇಳಿ.

4. ಪಾಸ್‌ಬುಕ್, ಎಟಿಎಂ ಕಾರ್ಡ್, ಕ್ಯೂಆರ್ ಕೋಡ್ ಬೇರೆಯವರ ವ್ಯಾಪಾರಕ್ಕೆ ಕೊಡಬೇಡಿ, ಸಂಬಂಧಿಕರಾದರೂ ಸರಿ.

5. ಸಂಘಕ್ಕೆ ಹಾಲು ಹಾಕಲು ಜಿಎಸ್‌ಟಿ ನೋಂದಣಿ ಬೇಕಿಲ್ಲ. ಬೇಕು ಎಂದವರನ್ನು ನಂಬಬೇಡಿ.

ಪರೀಕ್ಷೆ ಹೇಗೆ?

ಜಿಎಸ್‌ಟಿ ಜಾಲತಾಣದಲ್ಲಿ "ಸರ್ಚ್ ಟ್ಯಾಕ್ಸ್‌ಪೇಯರ್" ಒತ್ತಿ, "ಸರ್ಚ್ ಬೈ ಪ್ಯಾನ್" ಆರಿಸಿ, ಪ್ಯಾನ್ ನಂಬರ್ ಹಾಕಿದರೆ ನಿಮ್ಮ ಹೆಸರಿನ ನೋಂದಣಿಗಳು ಕಾಣುತ್ತವೆ. ಓದುವ ಮಗಳೋ ಮಗನೋ ಐದು ನಿಮಿಷದಲ್ಲಿ ನೋಡಿ ಹೇಳಬಲ್ಲರು. ಗುರುತಿಲ್ಲದ ನೋಂದಣಿ ಕಂಡರೆ ಅದರ ನಂಬರ್ ಬರೆದುಕೊಂಡು, ವಾಣಿಜ್ಯ ತೆರಿಗೆ ಕಚೇರಿಗೂ ಪೊಲೀಸ್ ಠಾಣೆಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಖಾತೆಯಿಂದ ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

ನೋಟಿಸ್ ಬಂದರೆ ಹೆದರಿ ಮುಚ್ಚಿಡಬೇಡಿ. ಕೆಚ್ಚಲು ಬಾವನ್ನು ಮೊದಲ ದಿನವೇ ತೋರಿಸಿದರೆ ಹಾಲು ಉಳಿಯುತ್ತದೆ. ಇದಕ್ಕೂ ಅದೇ ಮಾತು: ನೋಟಿಸಿನಲ್ಲಿ ಹೇಳಿದ ಗಡುವಿನೊಳಗೆ ಉತ್ತರ ಕೊಡಿ.

– ಪಶುವೈದ್ಯಾಧಿಕಾರಿ