ಮೋಡದ ಚಿತ್ರದಿಂದ ಹೊಲದ ಹದದವರೆಗೆ: ಎಂಟು ಪಾಠಗಳು

ಕೊಪ್ಪಳ ಜಿಲ್ಲೆಯಲ್ಲಿ ಎಲ್ಲರೂ ಕಾಯುವುದು ಒಂದೇ ಮಳೆಗಲ್ಲ. ಕುಷ್ಟಗಿಯ ಮಸಾರಿ ಹೊಲಕ್ಕೆ ಸಜ್ಜೆ ಬಿತ್ತುವಷ್ಟು ಹದ ಬೇಕು. ಯಲಬುರ್ಗಾದ ಎರೆಹೊಲಕ್ಕೆ ಹಿಂಗಾರಿ ಕಡಲೆ, ಬಿಳಿಜೋಳ ಹಿಡಿಯಲು ಸೆಪ್ಟೆಂಬರ್ ಮಳೆ ಬೇಕು. ಗಂಗಾವತಿಯ ಭತ್ತದ ಗದ್ದೆಗಳಿಗೆ ಬೇಕಾದ ಮಳೆ ದೂರದ ಮಲೆನಾಡಿನಲ್ಲಿ ಸುರಿಯಬೇಕು.

ಈ ಭಾಗದ ರೈತರಿಗೆ ಹವಾಮಾನದ ಮಾಹಿತಿ ತಿಳಿಸುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಉಪಗ್ರಹದ ಚಿತ್ರ ಈಗ ಎಲ್ಲರ ಮೊಬೈಲಿಗೂ ಬರುತ್ತದೆ. ಅದನ್ನು ಓದುವ ಬಗೆಯೂ ಎಲ್ಲರಿಗೂ ತಲುಪಬೇಕೆಂಬುದು ನನ್ನ ಆಸೆ. ಉಪಗ್ರಹ ನಮಗೆ ಕೊಡುವ ದೊಡ್ಡ ಆಸ್ತಿ ಎಂದರೆ ಸಮಯ. ಒಮ್ಮೆ ನಾಲ್ಕು ದಿನ ಸಿಗಬಹುದು, ಇನ್ನೊಮ್ಮೆ ಎರಡೇ ತಾಸು. ಎಷ್ಟು ಸಿಕ್ಕಿದೆ ಎಂದು ಅರಿತು, ಅಷ್ಟರಲ್ಲಿ ಮುಗಿಯುವ ಕೆಲಸಕ್ಕೆ ಕೈ ಹಾಕಬೇಕು.

1. ಉಪಗ್ರಹಕ್ಕೆ ಕಾಣುವುದು ಮೋಡದ ನೆತ್ತಿ

ನಮ್ಮ ಮೋಡಗಳನ್ನು ಸದಾ ನೋಡುವ ಉಪಗ್ರಹಗಳು ಇನ್ಸಾಟ್-3ಡಿಆರ್ ಮತ್ತು ಇನ್ಸಾಟ್-3ಡಿಎಸ್. ಮೊದಲನೆಯದು 2016ರ ಸೆಪ್ಟೆಂಬರಿನಲ್ಲಿ, ಎರಡನೆಯದು 2024ರ ಫೆಬ್ರುವರಿಯಲ್ಲಿ ಶ್ರೀಹರಿಕೋಟದಿಂದ ಮೇಲೇರಿತು. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಸುತ್ತುವುದರಿಂದ ಇವುಗಳ ಕಣ್ಣೆದುರು ಯಾವಾಗಲೂ ನಮ್ಮ ಭಾಗವೇ ಇರುತ್ತದೆ. ಇವುಗಳ ನಿಯಂತ್ರಣ ನಡೆಯುವುದು ನಮ್ಮದೇ ಹಾಸನದಿಂದ.

ಹಗಲಿನ ಚಿತ್ರ ಬಿಸಿಲಿನ ಪ್ರತಿಫಲನದಿಂದ ಬರುತ್ತದೆ. ದಪ್ಪ ಮೋಡ ಬೆಳ್ಳಗೆ ಹೊಳೆಯುತ್ತದೆ. ಅವಗೆಂಪು ಚಿತ್ರ ಹಗಲು ರಾತ್ರಿ ಎರಡೂ ಹೊತ್ತು ಸಿಗುತ್ತದೆ. ಅದು ಅಳೆಯುವುದು ಶಾಖವನ್ನು. ಮೋಡದ ನೆತ್ತಿ ಎತ್ತರಕ್ಕೆ ಹೋದಷ್ಟೂ ತಣ್ಣಗಾಗುತ್ತದೆ, ಚಿತ್ರದಲ್ಲಿ ಅಷ್ಟೇ ಬೆಳ್ಳಗೆ ಕಾಣುತ್ತದೆ. ದೊಡ್ಡ ಗುಡುಗು ಮೋಡದ ನೆತ್ತಿ ಮೈನಸ್ 60 ಡಿಗ್ರಿಗಿಂತಲೂ ಕೆಳಗಿರುತ್ತದೆ. ಆದರೆ ಹನಿಯನ್ನೂ ಉದುರಿಸದ ತೆಳು ಹಿಂಜುಮೋಡವೂ ಅಷ್ಟೇ ಎತ್ತರದಲ್ಲಿ ಅಷ್ಟೇ ತಣ್ಣಗಿರಬಲ್ಲದು. ಹಗಲಾಗಿದ್ದರೆ ಎರಡೂ ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ಬೆಳ್ಳಗಿದ್ದರೆ ಮಳೆಮೋಡವೆಂದು ಹೇಳಲು ಧೈರ್ಯ ಬರುತ್ತದೆ. ಅವಗೆಂಪಿನಲ್ಲಿ ಬಿಳುಪಾಗಿದ್ದು ಹಗಲಿನ ಚಿತ್ರದಲ್ಲಿ ಮಸುಕಾಗಿದ್ದರೆ ಬಿತ್ತುವ ಕೂರಿಗೆ ಹೊರತೆಗೆಯಬೇಡಿ.

2. ಒಂದು ಚಿತ್ರ ಸಾಲದು, ಓಡಿಸಿ ನೋಡಿ

ವಾಟ್ಸಾಪಿನಲ್ಲಿ ಬರುವ ಮೋಡದ ಚಿತ್ರ ಎಷ್ಟು ಹೊತ್ತಿನದೆಂದು ಮೊದಲು ನೋಡಿ. ಮೂಲೆಯಲ್ಲಿ ಅಂತರರಾಷ್ಟ್ರೀಯ ವೇಳೆ ಇದ್ದರೆ ಐದೂವರೆ ತಾಸು ಕೂಡಿಸಬೇಕು. ಒಂದೊಂದು ಉಪಗ್ರಹ ಅರ್ಧ ತಾಸಿಗೊಂದು ಚಿತ್ರ ತೆಗೆಯುತ್ತದೆ. ಎರಡೂ ಸರದಿಯ ಮೇಲೆ ತೆಗೆಯುವುದರಿಂದ ಹದಿನೈದು ನಿಮಿಷಕ್ಕೊಂದು ಹೊಸ ನೋಟ ಸಿಗುತ್ತದೆ. ಕಳೆದ ಎರಡು ಮೂರು ತಾಸಿನ ಚಿತ್ರಗಳನ್ನು ಸಾಲಾಗಿ ಓಡಿಸಿದಾಗ ಮೋಡ ಬೆಳೆಯುತ್ತಿದೆಯೋ ಕರಗುತ್ತಿದೆಯೋ ತಿಳಿಯುತ್ತದೆ.

ಇನ್ನೊಂದು ಎಚ್ಚರ ಬೇಕು. ಮುಂಗಾರಿನಲ್ಲಿ ಕೆಳಗಿನ ಗಾಳಿ ಪಶ್ಚಿಮದಿಂದ ಬೀಸಿದರೆ ತೀರ ಎತ್ತರದ ಗಾಳಿ ಪೂರ್ವದಿಂದ ಬೀಸುತ್ತದೆ. ಗುಡುಗು ಮೋಡ ಸುರಿದು ಮುಗಿದ ಮೇಲೆ ಅದರ ನೆತ್ತಿಯ ಬಿಳಿ ಹಾಸು ಪಶ್ಚಿಮಕ್ಕೆ ಹರಡುತ್ತ ಹೋಗುತ್ತದೆ. ಆ ಹಾಸು ನಮ್ಮ ಕಡೆ ಬಂದರೆ ಮಳೆಯೂ ಬಂತೆಂದು ತಿಳಿಯಬಾರದು. ಹೊಸ ಮೋಡ ಎಲ್ಲಿ ಚಿಗುರುತ್ತಿದೆಯೋ ಅಲ್ಲಿ ಕಣ್ಣಿಡಿ.

3. ಗಂಗಾವತಿಯವರು ಮಲೆನಾಡಿನ ಮೋಡ ನೋಡಬೇಕು

ಗಂಗಾವತಿಯ ಭತ್ತಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಆ ನೀರು ಶಿವಮೊಗ್ಗ, ಚಿಕ್ಕಮಗಳೂರು ಕಡೆಯ ಘಟ್ಟದಲ್ಲಿ ಸುರಿದ ಮಳೆ. ಅಲ್ಲಿ ಸುರಿದದ್ದು ಜಲಾಶಯಕ್ಕೆ ಬರಲು ದಿನ ಹಿಡಿಯುತ್ತದೆ. ಅಷ್ಟು ಸಮಯ ನಮಗೆ ಮೊದಲೇ ಸಿಕ್ಕಂತೆ. ಆದರೆ ಘಟ್ಟದ ಮೋಡದ ಗುಣ ಬೇರೆ. ಅರಬ್ಬಿ ಸಮುದ್ರದ ತೇವದ ಗಾಳಿ ಗುಡ್ಡಕ್ಕೆ ಬಡಿದು ಮೇಲೇರಿದಾಗ, ನೆತ್ತಿ ಅಷ್ಟೇನೂ ಎತ್ತರಕ್ಕೆ ಹೋಗದೆಯೇ ಧೋ ಎಂದು ಸುರಿಯುತ್ತದೆ. ನೆತ್ತಿ ಬೆಚ್ಚಗಿರುವುದರಿಂದ ಅವಗೆಂಪಿನ ಅಂದಾಜು ಅಲ್ಲಿ ಮಳೆಯನ್ನು ಕಡಿಮೆ ತೋರಿಸುತ್ತದೆ. ಆಗುಂಬೆಯ ಮೇಲೆ ಬೂದು ಬಣ್ಣ ಕಂಡರೂ ನದಿ ತುಂಬುತ್ತಿರಬಹುದು. ಹೀಗಾಗಿ ಮಲೆನಾಡಿನ ಮಳೆಮಾಪಕಗಳ ಲೆಕ್ಕ ಮತ್ತು ಜಲಾಶಯದ ಒಳಹರಿವನ್ನು ಚಿತ್ರದ ಜೊತೆಗೇ ನೋಡಬೇಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ನೀರು ಹೊರಗೆ ಬಿಟ್ಟು, ವಾರದಲ್ಲಿ ತಾತ್ಕಾಲಿಕ ಗೇಟು ಇಳಿಸಿದರು. ಆಗ ಗಂಗಾವತಿ, ಕಾರಟಗಿ ಕಡೆಯವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ‘ಮ್ಯಾಲೆ ಇನ್ನಾ ಮಳಿ ಐತೇನ್ರಿ?’ ಮುಂದಿನ ವಾರಗಳಲ್ಲಿ ಮಲೆನಾಡು ಕೈಬಿಡಲಿಲ್ಲ, ಜಲಾಶಯ ಮತ್ತೆ ತುಂಬಿತು. ಮಲೆನಾಡಿನ ಆಕಾಶಕ್ಕೂ ನಮ್ಮ ಗದ್ದೆಗೂ ಇರುವ ನಂಟನ್ನು ಆ ಆಗಸ್ಟ್ ಎಲ್ಲರಿಗೂ ತೋರಿಸಿಕೊಟ್ಟಿತು.

4. ಸೆಪ್ಟೆಂಬರ್ ಬಂದರೆ ಬಂಗಾಳಕೊಲ್ಲಿಯ ಕಡೆ ತಿರುಗಿ

ಘಟ್ಟದ ಮಳೆನೆರಳಿನಲ್ಲಿರುವ ನಮಗೆ ಜುಲೈಗಿಂತ ಸೆಪ್ಟೆಂಬರಿನ ಮಳೆ ಜಾಸ್ತಿ. ಹುಬ್ಬಾ, ಉತ್ತರಾ, ಹಸ್ತದ ಹೊತ್ತಿಗೆ ಬರುವ ದೊಡ್ಡ ಮಳೆಯ ಬೇರು ಎಷ್ಟೋ ಸಲ ಬಂಗಾಳಕೊಲ್ಲಿಯಲ್ಲಿರುತ್ತದೆ. ಉಪಗ್ರಹ ಅತಿ ಹೆಚ್ಚು ಸಮಯ ಗಳಿಸಿಕೊಡುವುದು ಇಲ್ಲೇ. ಸಮುದ್ರದ ಮೇಲೆ ಮಳೆಮಾಪಕಗಳು ತೀರ ವಿರಳ. ಅಲ್ಲಿ ಮೋಡ ಸುರುಳಿಗಟ್ಟುವುದನ್ನು ಇನ್ಸಾಟ್ ನೋಡುತ್ತದೆ. ನೀರಿನ ಮೇಲ್ಮೈ ಮೇಲಿನ ಗಾಳಿಯ ವೇಗ, ದಿಕ್ಕುಗಳನ್ನು 2022ರ ನವೆಂಬರಿನಲ್ಲಿ ಹಾರಿದ ಓಷನ್‌ಸ್ಯಾಟ್-3 ಅಳೆಯುತ್ತದೆ. ಮೂರು ನಾಲ್ಕು ದಿನ ಮೊದಲೇ ಸುಳಿವು ಸಿಗುತ್ತದೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳನ್ನು ಉತ್ತರ ಕರ್ನಾಟಕ ಮರೆತಿಲ್ಲ. ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ದಿನಗಟ್ಟಲೆ ಮಳೆ ಸುರಿದು ಕೊಪ್ಪಳ, ರಾಯಚೂರು, ಬಾಗಲಕೋಟೆ, ವಿಜಯಪುರ, ಗದಗ ಜಿಲ್ಲೆಗಳಲ್ಲಿ ಜೀವ, ಮನೆ, ಬೆಳೆ ಹೋದವು. ಇಂಥ ಹೊತ್ತಿನಲ್ಲಿ ಕುಸಿತ ಎಷ್ಟು ಬಲವಾಗಿದೆ ಎಂಬುದರ ಜೊತೆಗೆ ಎಷ್ಟು ನಿಧಾನವಾಗಿ ಸಾಗುತ್ತಿದೆ ಎಂದೂ ಕೇಳಬೇಕು. ಬೇಗ ದಾಟಿದರೆ ಹಿಂಗಾರಿಗೆ ಹದ, ನಿಂತರೆ ನೆರೆ. ಮಣ್ಣಿನ ಮಾಳಿಗೆಯಲ್ಲಿರುವವರನ್ನು ಬೇರೆಡೆ ಸಾಗಿಸುವುದು, ಹಳ್ಳದ ದಂಡೆಯ ಪಂಪು ಎತ್ತುವುದು, ಕಟಾವಾದ ಸಜ್ಜೆಯನ್ನು ಕಣದಿಂದ ಒಳಗೆ ತರುವುದು ಆ ನಾಲ್ಕು ದಿನಗಳಲ್ಲೇ ಆಗಬೇಕು.

5. ಬೇಸಿಗೆಯ ಗುಡುಗಿಗೆ ತಾಸಿನ ಲೆಕ್ಕ

ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಬಂಗಾಳಕೊಲ್ಲಿಯ ಮಳೆಗೆ ಪೂರಾ ವಿರುದ್ಧ. ಗಂಗಾವತಿಯಲ್ಲಿ ಬೇಸಿಗೆ ಭತ್ತ ಕೊಯ್ಲಿಗೆ ನಿಂತಿರುವಾಗಲೇ ಗಾಳಿ, ಆಣೆಕಲ್ಲು ಬಂದು ತೆನೆ ಮಲಗುತ್ತದೆ. ಮಧ್ಯಾಹ್ನ ಬಯಲಾಗಿದ್ದ ಆಕಾಶದಲ್ಲಿ ಸಂಜೆಗೆ ಮೋಡ ಏಳುತ್ತದೆ. ಯಾವ ಊರ ಮೇಲೆ ಏಳುತ್ತದೆಂದು ಮೂರು ದಿನ ಮೊದಲು ಯಾರೂ ಹೇಳಲಾರರು. ಏಳಲು ತಕ್ಕ ಸ್ಥಿತಿ ಇದೆಯೇ ಎಂದು ಮಾತ್ರ ಹೇಳಬಹುದು. ಇನ್ಸಾಟಿನಲ್ಲಿರುವ ಸೌಂಡರ್ ಎಂಬ ಉಪಕರಣ ಗಾಳಿಯ ಪದರ ಪದರದ ಉಷ್ಣತೆ, ತೇವ ಅಳೆದು ಆ ಅಂದಾಜಿಗೆ ನೆರವಾಗುತ್ತದೆ. ಮೋಡ ಎದ್ದ ಮೇಲೆ ಹದಿನೈದು ನಿಮಿಷಕ್ಕೊಮ್ಮೆ ಅದರ ನೆತ್ತಿ ತಣ್ಣಗಾಗುವ ವೇಗ ನೋಡಿ. ಸರಸರನೆ ತಣ್ಣಗಾದರೆ ಸಿಕ್ಕಿರುವುದು ಒಂದೆರಡು ತಾಸು ಮಾತ್ರ.

ಸಿಡಿಲಿನ ಎಚ್ಚರಿಕೆ ಬರುವುದು ನೆಲದ ಮೇಲಿನ ಸಂವೇದಕಗಳ ಜಾಲದಿಂದ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ರೂಪಿಸಿದ ‘ದಾಮಿನಿ’ ಆ್ಯಪ್ ಅದಕ್ಕಾಗಿಯೇ ಇದೆ. ಕುರಿ ಕಾಯುವವರ, ಹೊಲದಲ್ಲಿ ಆಳಿಗೆ ಬಂದವರ ಮೊಬೈಲಿನಲ್ಲಿ ಅದು ಇರಲೇಬೇಕು. ಗುಡುಗು ಕೇಳಿದ ಮೇಲೆ ಬೇವಿನ ಗಿಡದ ಕೆಳಗೆ ನಿಲ್ಲಬೇಡಿ.

6. ಮೇಲಿಂದ ಕಂಡದ್ದನ್ನು ನೆಲದಲ್ಲಿ ತಾಳೆ ನೋಡಿ

ಅವಗೆಂಪು ಚಿತ್ರದ ಒಂದು ಚುಕ್ಕಿ ಸುಮಾರು 4 ಕಿ.ಮೀ. ಉದ್ದ, ಅಷ್ಟೇ ಅಗಲ. ಎಂದರೆ ಸುಮಾರು 4,000 ಎಕರೆ. ನಮ್ಮಲ್ಲಿ ಮಳೆ ಒಂದು ಹೊಲಕ್ಕೆ ಬಿದ್ದು ಬದುವಿನಾಚೆ ಬೀಳದೆ ಹೋಗುವುದೂ ಉಂಟು. ಇನ್ನೊಂದು ಸೂಕ್ಷ್ಮವಿದೆ: ಉಪಗ್ರಹ ಭೂಮಧ್ಯರೇಖೆಯ ಮೇಲಿನಿಂದ ಓರೆಯಾಗಿ ನೋಡುವುದರಿಂದ, ಕೊಪ್ಪಳದ ಮೇಲಿನ 15 ಕಿ.ಮೀ. ಎತ್ತರದ ಮೋಡದ ನೆತ್ತಿ ನಕ್ಷೆಯಲ್ಲಿ ಸುಮಾರು 5 ಕಿ.ಮೀ. ಉತ್ತರಕ್ಕೆ ಸರಿದು ಕಾಣುತ್ತದೆ. ಹಳ್ಳಿ ಹಳ್ಳಿ ಎಣಿಸುವಾಗ ಇದು ಸಣ್ಣ ದೂರವಲ್ಲ.

ರಾಡಾರ್ ಮೋಡದ ಒಳಗಿನ ಹನಿಗಳನ್ನೇ ನೋಡುತ್ತದೆ, ನಿಜ. ಆದರೆ ಗೋವಾದ ರಾಡಾರ್ ಕೊಪ್ಪಳಕ್ಕೆ ಸುಮಾರು 250 ಕಿ.ಮೀ. ದೂರ. ಭೂಮಿಯ ಬಾಗಿನಿಂದಾಗಿ ಅದರ ಕಿರಣ ಇಲ್ಲಿಗೆ ಬರುವಷ್ಟರಲ್ಲಿ ನೆಲದಿಂದ ಐದಾರು ಕಿ.ಮೀ. ಮೇಲಿರುತ್ತದೆ. ಈ ಕೊರತೆ ತುಂಬುವುದು ನೆಲದ ಮಳೆಮಾಪಕ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ಈಗಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನಿಟ್ಟಿದೆ. ಅದರ ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡಿ ನಿಮ್ಮ ಪಂಚಾಯ್ತಿಯ ಮಳೆಯ ಮಾತನ್ನೇ ಕೇಳಬಹುದು. ಮಾಪಕದ ಸುತ್ತ ಜಾಲಿ ಬೆಳೆಯದಂತೆ, ಬಣವಿ ಒಟ್ಟದಂತೆ ನೋಡಿಕೊಳ್ಳುವ ಹೊಣೆ ಊರಿನದು. ಅಲ್ಲಿನ ಲೆಕ್ಕ ತಪ್ಪಿದರೆ ಪರಿಹಾರದ ಲೆಕ್ಕವೂ ತಪ್ಪುತ್ತದೆ.

7. ಮಳೆ ಬಾರದಿದ್ದಾಗಲೂ ಉಪಗ್ರಹ ದುಡಿಯುತ್ತದೆ

ಹಸಿರೆಲೆ ಕೆಂಪು ಬೆಳಕನ್ನು ಹೀರಿ, ಕೆಂಪಿಗೆ ಹತ್ತಿರದ ಅವಗೆಂಪು ಬೆಳಕನ್ನು ಹೊರಗೆ ಚಿಮ್ಮಿಸುತ್ತದೆ. ಬಾಡಿದ ಬೆಳೆಯಲ್ಲಿ ಈ ಎರಡರ ಅಂತರ ಕುಗ್ಗುತ್ತದೆ. ಉಪಗ್ರಹಗಳು ಅಳೆಯುವ ಈ ಹಸಿರಿನ ಸೂಚ್ಯಂಕ, ಮಳೆಯ ಕೊರತೆ, ಮೂರು ವಾರ ಸತತ ಒಣಹವೆ, ಮಣ್ಣಿನ ತೇವ ಇವೆಲ್ಲ ಬರ ಘೋಷಣೆಯ ಅಳತೆಗೋಲುಗಳಲ್ಲಿವೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಆದರೆ ಸೂಚ್ಯಂಕಕ್ಕೆ ಬೆಳೆಯ ಹಸಿರೂ ಒಂದೇ, ಬಳ್ಳಾರಿ ಜಾಲಿಯ ಹಸಿರೂ ಒಂದೇ. ದೂರದಿಂದ ಹಸಿರಾಗಿ ಕಂಡ ಮೆಕ್ಕೆಜೋಳದಲ್ಲಿ ಕಾಳೇ ಕಟ್ಟಿರದಿರಬಹುದು. ಅದನ್ನು ಹೊಲಕ್ಕೆ ಹೋಗಿಯೇ ನೋಡಬೇಕು. ಸಮೀಕ್ಷೆಗೆ ಬಂದವರನ್ನು ಕರೆದೊಯ್ದು ತೆನೆ ಸುಲಿದು ತೋರಿಸಿ.

8. ಮುನ್ಸೂಚನೆಯನ್ನು ಕೆಲಸದ ಹೆಸರಿನಲ್ಲಿ ಹೇಳಿ

ಉಪಗ್ರಹದ ಬಹುದೊಡ್ಡ ದುಡಿಮೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದು ಅಳೆದ ಉಷ್ಣತೆ, ತೇವ, ಗಾಳಿಯ ಅಂಕಿಗಳು ನೇರವಾಗಿ ಮುನ್ಸೂಚನೆಯ ಗಣಕ ಮಾದರಿಗಳಿಗೆ ಹೋಗುತ್ತವೆ. ಮಾದರಿಗಳು ಬಳಸುವ ಮಾಹಿತಿಯ ಬಹುಪಾಲು ಉಪಗ್ರಹಗಳದ್ದೇ. 2025ರ ಮೇ ತಿಂಗಳಲ್ಲಿ ಶುರುವಾದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ 6 ಕಿ.ಮೀ. ಚೌಕಗಳಲ್ಲಿ ಲೆಕ್ಕ ಹಾಕುತ್ತದೆ. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಬರುವ ಕೃಷಿ ಹವಾಮಾನ ಸಲಹೆಯ ಹಿಂದೆ ಇಷ್ಟೆಲ್ಲ ದುಡಿಮೆ ಇದೆ.

ಆದರೂ ಕೊನೆಯ ಹೆಜ್ಜೆ ಇಡಬೇಕಾದವರು ನಾವು. ಹವಾಮಾನ ಇಲಾಖೆ ‘ಅಲ್ಲಲ್ಲಿ ಮಳೆ’ ಎಂದರೆ ಹೆಚ್ಚೆಂದರೆ ಕಾಲುಭಾಗ ಕೇಂದ್ರಗಳಲ್ಲಿ ಮಳೆ. ‘ಕೆಲವೆಡೆ’ ಎಂದರೆ ಅರ್ಧದವರೆಗೆ. ಇದನ್ನು ಬಿಡಿಸಿ ಹೇಳದಿದ್ದರೆ, ಮಳೆ ಬೀಳದ ಮುಕ್ಕಾಲು ಊರುಗಳವರು ಮುನ್ಸೂಚನೆಯನ್ನೇ ನಂಬುವುದು ಬಿಡುತ್ತಾರೆ. ಕುಷ್ಟಗಿಯ ದಾಳಿಂಬೆ ತೋಟದವರು ಫೋನ್ ಮಾಡಿ ‘ಸರ್ರ, ಇವತ್ತ ಎಣ್ಣಿ ಹೊಡಿಲೇನ್ರಿ?’ ಎಂದು ಕೇಳಿದಾಗ ಅವರಿಗೆ ಮಿಲಿಮೀಟರ್ ಬೇಡ. ಸಿಂಪಡಿಸಿದ ಔಷಧ ಒಣಗುವಷ್ಟು ಹೊತ್ತು ಮಳೆ ಇಲ್ಲವೇ ಎಂಬುದೇ ಅವರ ಪ್ರಶ್ನೆ. ‘ಸಂಜೆಗೆ ಗುಡುಗಿನ ಸಾಧ್ಯತೆ ಐತಿ, ಮುಂಜಾನೆ ಒಂಬತ್ತರೊಳಗ ಮುಗಿಸ್ರಿ’ ಎಂದು ಹೇಳಬೇಕು. ಭತ್ತದವರಿಗೆ ಕೊಯ್ಲಿನ ದಿನ, ಎರೆಹೊಲದವರಿಗೆ ಬಿತ್ತಿಗೆಯ ದಿನ, ಕುರಿಗಾರರಿಗೆ ಮನೆ ಸೇರುವ ಹೊತ್ತು ಹೇಳಬೇಕು. ಜೊತೆಗೆ ಅದು ಎಷ್ಟು ಖಚಿತ ಎಂದೂ ಮುಚ್ಚಿಡದೆ ಹೇಳಬೇಕು. ಈ ಕೆಲಸ ಮಾಡಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಪ್ರತಿ ಪಂಚಾಯ್ತಿಯಲ್ಲಿ ತಯಾರಾದರೆ, 36,000 ಕಿ.ಮೀ. ಮೇಲಿನಿಂದ ಬಂದ ಮಾಹಿತಿ ಹೊಲದ ಬದುವಿನವರೆಗೂ ಮುಟ್ಟುತ್ತದೆ.